ಮೊದಲ ಪಂಕ್ತಿಯ ಷೇರು

ಒಂದು ಹಂಚಿನ ಕಾರ್ಖಾನೆಯ ಎರಡು ಷೇರುಪತ್ರಗಳು ವಾರಿಜಾ ಟೀಚರ್ ಅವರ ಕಪಾಟಿನಲ್ಲಿ ಒಂದೇ ಫೈಲಿನೊಳಗೆ ವಾಸವಾಗಿದ್ದವು. ಒಂದರ ಹೆಸರು ಆದ್ಯತಾ ಷೇರು, ಇನ್ನೊಂದರದು ಸಾಮಾನ್ಯ ಷೇರು.

ಆದ್ಯತಾ ಷೇರಿಗೆ ತನ್ನ ಹೆಸರಿನದೇ ಜಂಬ. “ಲಾಭ ಹಂಚುವಾಗ ಮೊದಲ ಪಂಕ್ತಿ ನನ್ನದು. ನನಗೆ ನೂರಕ್ಕೆ ಒಂಬತ್ತು ರೂಪಾಯಿ ಬಡಿಸಿದ ಮೇಲೆಯೇ ನಿನ್ನ ಎಲೆಯ ಕಡೆ ನೋಡುವುದು. ಹೋದ ವರ್ಷ ನಿನಗೇನು ಸಿಕ್ಕಿತು?”

“ಏನೂ ಇಲ್ಲ ಅಣ್ಣ. ಅದರ ಹಿಂದಿನ ವರ್ಷ ಮಾತ್ರ ನಿನಗೆ ಸಿಕ್ಕಿದ್ದರ ಮೂರರಷ್ಟು ಸಿಕ್ಕಿತ್ತು.”

“ಸಾಮಾನ್ಯ ಎಂದು ಹೆಸರಿಟ್ಟುಕೊಂಡವರ ಹಣೆಬರಹವೇ ಅಷ್ಟು!”

ಅಷ್ಟರಲ್ಲಿ ಅಂಚೆಯಲ್ಲಿ ವಾರ್ಷಿಕ ಸಭೆಯ ಪತ್ರ ಬಂತು. ಆದ್ಯತಾ ಷೇರುಗಳಿಗೆ ಕೊಟ್ಟು ಮಿಕ್ಕ ಲಾಭವನ್ನು ಹಂಚಬೇಕೋ, ಅದರಲ್ಲಿ ಹಂಚು ಸುಡಲು ಹೊಸ ಭಟ್ಟಿ ಕಟ್ಟಬೇಕೋ ಎಂದು ಮತ ಕೇಳಿದ್ದರು. ಟೀಚರ್ ಸಾಮಾನ್ಯ ಷೇರನ್ನಷ್ಟೇ ಹೊರತೆಗೆದು, ಅದರ ನಂಬರು ಬರೆದು, ಭಟ್ಟಿ ಕಟ್ಟಲಿ ಎಂದು ಮತ ಹಾಕಿದರು.

ಅದು ಫೈಲಿಗೆ ಮರಳಿದ ಕೂಡಲೇ ಆದ್ಯತಾ ಷೇರು ಸಿಡುಕಿತು: “ನನ್ನನ್ನೇಕೆ ಕರೆಯಲಿಲ್ಲ?”

“ಇದರಲ್ಲಿ ನಿನಗೆ ಮತವಿಲ್ಲ ಅಣ್ಣ.”

“ಬೇಡವೇ ಬೇಡ ಬಿಡು. ಮತ ಹಾಕಿ ನೀನು ಪಡೆದದ್ದಾದರೂ ಏನು? ಈ ವರ್ಷವೂ ಉಪವಾಸ!”

“ಹೌದು, ನಾನೇ ಒಪ್ಪಿಕೊಂಡ ಉಪವಾಸ,” ಎಂದು ಸಾಮಾನ್ಯ ಷೇರು ತನ್ನ ಮಡಿಕೆ ಬಿಡಿಸಿಕೊಂಡು ನೆಟ್ಟಗೆ ನಿಂತಿತು. “ಮದುವೆಯೂಟದಲ್ಲಿ ಮೊದಲ ಪಂಕ್ತಿಗೆ ಕೂರಿಸುವುದು ನೆಂಟರನ್ನು. ಮನೆಯವರು ಉಣ್ಣುವುದು ಕೊನೆಯ ಪಂಕ್ತಿಯಲ್ಲಿ.”