ಕಾಶೀಂಬಿಯ ಎರಡನೆಯ ನೋಟ

ಎಷ್ಟೋ ಕಾಲದ ಹಿಂದೆ, ಮಗ್ಗಗಳ ಸದ್ದಿಗೇ ಬೆಳಗಾಗುತ್ತಿದ್ದ ಒಂದು ಊರಿನಲ್ಲಿ ಒಂದು ಆಸ್ಪತ್ರೆ ಇತ್ತಂತೆ. ಅಲ್ಲಿ ಎಂ.ಆರ್.ಐ. ಯಂತ್ರವಿತ್ತಂತೆ. ಅದು ದೊಡ್ಡ ಅಯಸ್ಕಾಂತ. ಮೈ ಕೊಯ್ಯದೆ ಒಳಗನ್ನು ಚಿತ್ರಿಸಿ ತೋರಿಸುತ್ತಿತ್ತು. ಬೀದಿಯಲ್ಲಿ ಹೋಗುವವರ ಸೊಂಟದ ಬೀಗದಕೈಗಳನ್ನೂ ಎಳೆದುಕೊಳ್ಳುತ್ತಿತ್ತಂತೆ. ಅದನ್ನು ನಡೆಸುತ್ತಿದ್ದವಳು ಕಾಶೀಂಬಿ. ಅವಳು ನಕ್ಕದ್ದನ್ನು ಕಂಡವರಿಲ್ಲವಂತೆ.

ಒಂದು ದಿನ ನೇಕಾರ ಈರಬಸಪ್ಪ ಬಂದ. ಅವನ ಎಡಗೈ ಲಾಳಿ ಹಿಡಿಯದಾಗಿತ್ತು. ತಲೆಯ ಚಿತ್ರ ತೆಗೆದರೆ, ಎಡ ಅರ್ಧವೆಲ್ಲ ಸುಣ್ಣ ಬಳಿದಂತೆ ಬಿಳುಪು. ಬಲ ಅರ್ಧ ಮಸಿ. ಹಿರಿಯ ವೈದ್ಯರು ಬಿಳುಪೇ ರೋಗವೆಂದರು. ತಲೆ ತೆರೆಯಲು ದಿನ ಗೊತ್ತುಮಾಡಿದರು.

ಈರಬಸಪ್ಪನ ಹೆಂಡತಿ ಗುರವ್ವ ಕಾಶೀಂಬಿಯ ಸೆರಗು ಹಿಡಿದಳಂತೆ. "ಆ ಬಿಳಿದೊಂದು ಒರಸಿಬಿಡ್ರಿ ಅಕ್ಕಾರ. ನಿಮ್ಮ ಕೈಯಾಗ ಐತಲ್ಲ!"

ಒರೆಸುವುದು ಸುಲಭವಿತ್ತು. ಒಂದು ಗುಂಡಿ ತಿರುಗಿಸಿದರೆ ಚಿತ್ರವೆಲ್ಲ ಮಬ್ಬಾಗುತ್ತಿತ್ತು. ಕಾಶೀಂಬಿಯ ಕೈ ಗುಂಡಿಯವರೆಗೂ ಹೋಯಿತಂತೆ, ಅಲ್ಲಿಯೇ ನಿಂತಿತಂತೆ. ಕಣ್ಣಂದಾಜಿನಲ್ಲಿ ಒರೆಸಿದರೆ ರೋಗವೂ ಮರೆಯಾಗುತ್ತದೆ, ಮನುಷ್ಯ ಗುಣವಾಗುವುದಿಲ್ಲ. ಅವಳಿಗೆ ಅದು ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು: ಎಡಗೈಯನ್ನು ಆಡಿಸುವುದು ಮಿದುಳಿನ ಬಲಭಾಗ. ಎಡಗಡೆಯ ಬಿಳುಪಿಗೂ ಎಡಗೈಗೂ ತಾಳೆಯಾಗುತ್ತಿರಲಿಲ್ಲ.

ಅವಳು ಒಂದು ಪ್ಲಾಸ್ಟಿಕ್ ಡಬ್ಬಿ ತುಂಬ ಕುಸುಬೆ ಎಣ್ಣೆ ತರಿಸಿದಳು. ತಲೆಯಿದ್ದ ಜಾಗದಲ್ಲಿಯೇ ಇಟ್ಟಳು. ಚಿತ್ರ ತೆಗೆದಳು. ಎಣ್ಣೆ ಎಲ್ಲೆಡೆ ಒಂದೇ. ಆದರೂ ಅದರ ಎಡಭಾಗ ಸುಣ್ಣ, ಬಲಭಾಗ ಮಸಿ!

ವೈದ್ಯರನ್ನು ಕರೆದು ಕೇಳಿದಳಂತೆ: "ಕುಸುಬಿ ಎಣ್ಣಿಗೂ ಆಪರೇಶನ್ ಮಾಡ್ತೀರೇನ್ರಿ, ಸಾಹೇಬರ?"

ವೈದ್ಯರು ಕುರ್ಚಿ ಎಳೆದುಕೊಂಡು ಕುಳಿತರು. ಆ ಏರುಪೇರು ತಲೆಯದಲ್ಲ, ಯಂತ್ರದ್ದು. ಕಾಶೀಂಬಿ ಚಿತ್ರದ ಚುಕ್ಕಿ ಚುಕ್ಕಿಯನ್ನೂ ಹಿಡಿದು ತಿದ್ದತೊಡಗಿದಳು. ಎಣ್ಣೆಯಲ್ಲಿ ಎಲ್ಲಿ ಎಷ್ಟು ಪಟ್ಟು ಹೊಳಪು ಹೆಚ್ಚಿತ್ತೋ, ತಲೆಯ ಚಿತ್ರದಲ್ಲಿ ಅಲ್ಲಿ ಅಷ್ಟು ಪಟ್ಟು ಇಳಿಸಿದಳು; ಕಡಿಮೆಯಿದ್ದಲ್ಲಿ ಏರಿಸಿದಳು. ಮೂರು ಹಗಲು ಕುಳಿತಲ್ಲಿಂದ ಏಳಲಿಲ್ಲವಂತೆ. ಏಳು ಹಗಲು ಎನ್ನುವವರೂ ಇದ್ದಾರೆ.

ಎಡಗಡೆಯ ಬಿಳುಪು ಇಳಿಯಿತು. ಅಲ್ಲಿ ಏನೂ ಇರಲಿಲ್ಲ. ಬಲಗಡೆಯ ಮಸಿ ತಿಳಿಯಾಯಿತು. ಅಲ್ಲಿ ಕಡಲೆಯಷ್ಟು ಒಂದು ಗಂಟು ಕುಳಿತಿತ್ತು. ಗುರವ್ವ ಗೋಡೆಗೊರಗಿದಳು. ಕಾಶೀಂಬಿ ಅವಳಿಂದ ಏನನ್ನೂ ಮುಚ್ಚಿಡಲಿಲ್ಲ, ಬೆರಳಿಟ್ಟು ತೋರಿಸಿದಳು. ವೈದ್ಯರು ನೋಡಿ, ಇದು ಮಾತ್ರೆಗೆ ಕರಗುವ ಗಂಟು, ಕೊಯ್ಯುವುದು ಬೇಡ ಎಂದರಂತೆ.

ಕರಗಿತು. ಈರಬಸಪ್ಪನ ಎಡಗೈಗೆ ಲಾಳಿ ಮತ್ತೆ ಒಲಿಯಿತು.

ಈಗಲೂ ಆ ಊರಿನ ನೇಕಾರರು ಮಗ್ಗದಿಂದ ಇಳಿದ ಸೀರೆಯನ್ನು ಕಿಟಕಿಗೆ ಹಿಡಿಯುತ್ತಾರೆ. ಮಸುಕು ಕಂಡರೆ ನೇಯ್ದವನನ್ನು ಬೈಯುವುದಿಲ್ಲ. ಸೀರೆಯನ್ನು ತಿರುವಿ ಹಿಡಿದು ಮತ್ತೊಮ್ಮೆ ನೋಡುತ್ತಾರೆ. ಮಸುಕು ಸೀರೆಯೊಂದಿಗೆ ತಿರುಗಿದರೆ ತಪ್ಪು ನೇಯ್ಗೆಯದು. ಇದ್ದಲ್ಲೇ ಉಳಿದರೆ ಕಿಟಕಿಯದು. ಅವಸರಪಡುವವರಿಗೆ ಹಿರಿಯರು ಹೇಳುವುದು ಇಷ್ಟೇ: "ತಡಿಯೋ, ಕಾಶೀಂಬಿ ನೋಟ ಇನ್ನಾ ಆಗಿಲ್ಲ."