ಮಾಚ ತೆಗೆದ ಕಾಲಳತೆ

ಒಂದಾನೊಂದು ಕಾಲದಲ್ಲಿ, ಒಳ್ಳೆ ಕಾಲ ಅಂದ್ಕೋಬೇಡ ಸಲೋಮಿ, ಕೆಟ್ಟ ಕಾಲದಲ್ಲೇ, ಒಂದು ಕೋಟೆ ಊರಿತ್ತಂತೆ. ಊರ ಮೇಲಿನ ಗುಡ್ಡದಲ್ಲಿ ಬಾಯಿ ತೆರೆದ ಒಂದು ಕಲ್ಲುಹುಲಿ. ತಪ್ಪು ಮಾಡಿದವರನ್ನ ಅದರ ಬಾಯಿಗೆ ತಳ್ಳಬೇಕು, ಅದು ಕಾನೂನು. ತಪ್ಪು ಮಾಡಿದವನು ತನ್ನ ಬದಲಿಗೆ ಇನ್ನೊಬ್ಬನ್ನ ಕಳಿಸಬಹುದು, ಅದೂ ಕಾನೂನೇ. ಹುಲಿಗೆ ಒಂದು ಜೀವ ಬೇಕು, ಯಾರದ್ದು ಅಂತ ಅದು ಕೇಳ್ತಿರಲಿಲ್ಲವಂತೆ. ಇಂಥ ಕಾನೂನು ಬರೆದೋರು ಯಾರಿರಬಹುದು, ನೀನೇ ಯೋಚನೆ ಮಾಡು.

ಹೋಗೋರಿಗೆ ಹೊಸ ಮೆಟ್ಟು ಹೊಲಿಸಿ ಹಾಕೋದು ಅಲ್ಲಿನ ಪದ್ಧತಿ. ಮರ್ಯಾದೆಯಂತೆ! ಆ ಮೆಟ್ಟನ್ನ ಹುಲಿ ಬಾಯಿ ಹತ್ರ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕು. ಹೊಲಿಯೋನು ಮಾಚ ಅಂತ, ಊರಿಗೆಲ್ಲ ಮೆಟ್ಟು ಮಾಡಿಕೊಟ್ಟು ತಾನು ಬರಿಗಾಲಲ್ಲಿ ಓಡಾಡೋನು.

ಆ ಊರ ದಳವಾಯಿ ಒಬ್ಬನ್ನ ಹೊಡೆದು ಸಾಯಿಸಿದ, ಬದಲಿಗೆ ಮನೆ ಆಳು ಚೆಲುವಿಯ ಗಂಡನ್ನ ಕಳಿಸಿದ. ಆಮೇಲೆ ಒಂದು ಕೇರಿಗೆ ಬೆಂಕಿ ಇಟ್ಟ, ಚೆಲುವಿಯ ಮಗನ್ನ ಕಳಿಸಿದ. ಆಮೇಲೆ ಕೆರೆ ಏರಿ ಒಡೆಸಿ ಹಟ್ಟಿಯನ್ನೇ ಮುಳುಗಿಸಿದ, ಉಳಿದ ಮಗಳು ನಿಂಗಿ ಹೋಗಲಿ ಅಂದ. ಅವಳಿಗೆ ಏಳು ವರ್ಷ, ನಿನ್ನಷ್ಟೇ. ಚೆಲುವಿ ಕಾಲಿಗೆ ಬಿದ್ದು, ಬುದ್ಧೀ, ನಾನೇ ಹೋಗ್ತೀನಿ, ಮಗೂನ ಬಿಡಿ ಅಂದಳಂತೆ. ನೀನು ಹೋದ್ರೆ ಹಸು ಕರೆಯೋರ್ಯಾರು, ನಿಮ್ಮಪ್ಪನಾ ಅಂದನಂತೆ ಆ ನೀಚ.

ಮಾಚ ನಿಂಗಿಯ ಕಾಲಳತೆ ತಗೊಳಕ್ಕೆ ಬಂದ. ಅವಳು ಪಾದ ಚಾಚಿ, ಮಾಚಣ್ಣ, ಸ್ವಲ್ಪ ದೊಡ್ಡದೇ ಹೊಲಿ, ಮುಂದಿನ ವರ್ಷಕ್ಕೂ ಆಗ್ಲಿ ಅಂದಳಂತೆ.

ಮಾಚನ ಕೈ ನಿಂತುಹೋಯ್ತು. ಮನೆಗೆ ಹೋಗಿ ಮೊದಲ ಸಲ ತನ್ನ ಕಾಲಿಗೇ ಅಳತೆ ಹಿಡಿದು ಹೊಲಿದ, ಹಾಕ್ಕೊಂಡು ಗುಡ್ಡ ಹತ್ತಿದ. ಕಾವಲಿನೋರು ನಕ್ಕರು, ಏನೋ ಮಾಚ, ಕೊನೆಗೂ ಮೆಟ್ಟು ಹಾಕ್ದೆಯಲ್ಲೋ, ಮದುವೆಗಾ ಅಂತ. ನಿಂಗಿ ಬದಲಿಗೆ ನಾನು, ಬದಲಿಗೆ ಬದಲಿ ನಿಮ್ಮ ಕಾನೂನಲ್ಲೇ ಇದೆಯಲ್ಲ ಅಂದ. ಮೆಟ್ಟು ಬಿಟ್ಟ, ಒಳಗೆ ಹೋದ. ಕಲ್ಲಿನ ದವಡೆ ಮುಚ್ಚಿತು. ಮೂಳೆ ಮುರಿದ ಸದ್ದು ಊರಿಗೆಲ್ಲ ಕೇಳಿಸಿತಂತೆ.

ಮೂರನೇ ದಿನ ಎದ್ದು ಬರ್ತಾನೆ ಬಿಡಜ್ಜಿ ಅಂತೀಯಾ? ಹೌದೇ, ಸಂಡೇ ಸ್ಕೂಲಲ್ಲೂ ಹೇಳಿದಾರೆ, ನೀನು ಓದೋ ಮಾಯಾಲೋಕದ ಪುಸ್ತಕಗಳಲ್ಲೂ ಒಬ್ಬ ಯೇಸುಸ್ವಾಮಿ ಥರಾನೇ ಸತ್ತು ಎದ್ದು ಬರ್ತಾನೆ. ಆ ಪುಸ್ತಕದೋರು ಅಲ್ಲಿಗೇ ಮುಗಿಸಿಬಿಡ್ತಾರೆ. ನಿಜವಾದ ಕೇಡು ಶುರುವಾಗೋದೇ ಅಲ್ಲಿಂದ.

ಮೂರನೇ ದಿನ ಮೆಟ್ಟು ಅಲ್ಲಿರಲಿಲ್ಲ. ಹುಲಿ ದವಡೆಯಲ್ಲಿ ಕೂದಲೆಳೆಯಷ್ಟು ಬಿರುಕು, ಮಣ್ಣಲ್ಲಿ ಗುಡ್ಡ ಇಳಿದು ಹೋದ ಮೆಟ್ಟಿನ ಹೆಜ್ಜೆ. ತಳ್ಳಿದವರನ್ನೇ ತಿಂದು ಬೆಳೆದ ಹುಲಿಗೆ ತಾನಾಗಿ ಬಂದವನು ದಕ್ಕಲಿಲ್ಲವಂತೆ. ಜನ ಕುಣಿದರು. ದಳವಾಯಿ ಏನು ಮಾಡಿದ ಗೊತ್ತಾ? ಅವನೂ ಕುಣಿದ! ಆ ಹೆಜ್ಜೆ ಮೇಲೆ ಮಂಟಪ ಕಟ್ಟಿಸಿ, ದೀಪ ಹಚ್ಚಿಸಿ, ಜನರನ್ನ ಕೂರಿಸಿ, ನೋಡ್ರಪ್ಪಾ, ಮಾಚ ಎಂಥ ತ್ಯಾಗಿ, ನೀವೂ ಅಳದೆ ಹೋಗಿ, ಮೂರನೇ ದಿನ ವಾಪಸ್ ಬರ್ತೀರಿ ಅಂದ. ನಂಬಿದರು ಕಣೇ. ಅವನ ಹೊಸ ಹೊಸ ತಪ್ಪಿಗೆ ಬದಲಿಯಾಗಿ, ಮೆಟ್ಟು ಹೊಲಿಯೋನಿಲ್ಲದೆ ಬರಿಗಾಲಲ್ಲೇ, ನಗುನಗುತ್ತಾ ಮೂರು ಜನ ಹೋದರು. ಒಬ್ಬರೂ ಬರಲಿಲ್ಲ. ಹೇಳಿಸಿಕೊಂಡು ಹೋಗೋದು ತಾನಾಗಿ ಹೋಗೋದಾ?

ಆಮೇಲೆ ಮತ್ತೆ ನಿಂಗಿಯ ಸರದಿ ಬಂತು. ಹಾಡು ಹೇಳಿಸ್ತಾ ಮಂಟಪದ ಹತ್ರ ಕರಕೊಂಡು ಬಂದರು, ದಳವಾಯಿಯೂ ಬಂದು ಕೂತ. ಅಲ್ಲಿ ಒಬ್ಬ ಕೂತಿದ್ದ, ಮೈಯೆಲ್ಲ ಹಲ್ಲಿನ ಗಾಯದ ಕಲೆ, ಕೈಯಲ್ಲಿ ಅಳತೆ ದಾರ. ಮಾಚ! ಗಾಯ ಮಾಗೋ ತನಕ ಕಾಡಲ್ಲಿ ಮಲಗಿದ್ದನಂತೆ. ಮಗುವಿನ ಕಾಲಳತೆ ಹಿಡೀತಾನೆ ಅಂದ್ಕೊಂಡರು ಎಲ್ಲರೂ. ಅವನು ದಳವಾಯಿ ಕಡೆ ತಿರುಗಿ, ಕಾಲು ಚಾಚಿ ದೊರೆ, ಅಳತೆ ತಗೋಬೇಕು ಅಂದನಂತೆ.

ದಳವಾಯಿ ಕಾಲನ್ನ ಪಂಚೆಯೊಳಗೆ ಎಳಕೊಂಡ.

ಅಷ್ಟನ್ನ ಊರು ನೋಡಿತು. ಮೊದಲು ಚೆಲುವಿ ಸುತ್ತಿಗೆ ಎತ್ತಿದಳು, ಆಮೇಲೆ ಎಲ್ಲರೂ. ಹುಲಿಯ ಆ ಬಿರುಕಿಗೇ ಏಟು ಬಿತ್ತು, ಸಂಜೆಯೊಳಗೆ ಹುಲಿ ಚೂರಾಯ್ತು, ದಳವಾಯಿ ಬರಿಗಾಲಲ್ಲಿ ಊರು ಬಿಟ್ಟ. ಹುಲಿಯ ಕಲ್ಲನ್ನ ಬಟ್ಟೆ ಒಗೆಯಕ್ಕೆ ಹಾಕ್ಕೊಂಡರು, ಮಂಟಪದಲ್ಲಿ ದನ ಕಟ್ಟಿದರು. ಚೆಲುವಿಯ ಗಂಡ, ಮಗ ಮಾತ್ರ ಬರಲಿಲ್ಲ. ಅದನ್ನ ಮರೀಬೇಡ. ಸತ್ತವನ್ನ ಹೊಗಳಿ ಹೊಗಳಿ ನಿನ್ನನ್ನ ಸಾಯಕ್ಕೆ ಕಳಿಸೋರು ಬಂದ್ರೆ, ಮೊದಲು ಅವರ ಕಾಲಳತೆ ಕೇಳು.

ಮಾಚ ನಿಂಗಿಗೆ ಸ್ವಲ್ಪ ದೊಡ್ಡದೇ ಮೆಟ್ಟು ಹೊಲಿದುಕೊಟ್ಟ. ಮುಂದಿನ ವರ್ಷಕ್ಕೂ ಆಯ್ತಂತೆ. ಅಲ್ಲಿಗೆ ಕತೆ ಮುಗೀತು, ನೀನು ಕಾಲು ಚಾಚಿ ಮಲಕ್ಕೋ.