ಗೀಜಗನ ಬಾಯಿಪಾಠ

ಬಾವಿ ಮೇಲೆ ಬಾಗಿದ ಜಾಲಿಮರದಲ್ಲಿ ಚೂಟಿ ಅಂತ ಒಬ್ಬ ಎಳೇ ಗೀಜಗ ಇದ್ದ. ಮಿಕ್ಕ ಗಂಡು ಹಕ್ಕಿಗಳು ಹುಲ್ಲು ಸೀಳಿ ಗೂಡು ನೇಯ್ತಿದ್ರೆ, ಇವನು ಕೊಂಬೆ ಮೇಲೆ ಕೂತು ನೋಡ್ತಾನೇ ಕಾಲ ಕಳೆದ. ನಾಳೆ ಹೆಣ್ಣು ಹಕ್ಕಿಗಳು ಗೂಡು ಪರೀಕ್ಷೆ ಮಾಡೋಕೆ ಬರ್ತಾರೆ ಅಂದಾಗ ಮೊದಲನೇ ಎಳೆ ಎತ್ತಿಕೊಂಡ. ಅದು ಜಾರಿ ಬಾವಿಗೆ ಬಿತ್ತು. ಇನ್ನೊಂದೂ ಬಿತ್ತು. ಗೂಡಿಲ್ಲದ ಗಂಡಿಗೆ ಈ ವರ್ಷ ಜೋಡಿ ಇಲ್ಲ.

ನಾಚಿಕೆ ಬಿಟ್ಟು ಪಕ್ಕದ ಕೊಂಬೆಯ ಮುದಿ ಗೀಜಗ ಭರಮಜ್ಜನ ಹತ್ರ ಹೋದ. "ಅಜ್ಜಾ, ನಿನ್ನ ಗೂಡು ಬುಡದಿಂದ ತುದಿವರೆಗೂ ನಂಗೆ ಬಾಯಿಪಾಠ. ಆದ್ರೂ ಗಂಟು ನಿಲ್ತಿಲ್ಲ!"

"ಬಾಯಿಪಾಠ ಅಂತೆ! ನಿಂದು ಬರೀ ಕಣ್ಣುಪಾಠ ಕಣೋ. ಬಾಯಲ್ಲಿ ಯಾವತ್ತಾದ್ರೂ ಹುಲ್ಲು ಹಿಡಿದಿದ್ಯಾ?"

ಅಜ್ಜ ಕಣ್ಣು ಮುಚ್ಚಿದ. ಗಾಳಿಗೆ ಕೊಂಬೆ ತೂಗ್ತಿದ್ರೂ ಅವನ ಕೊಕ್ಕು ಒಂದು ಎಳೆಯನ್ನ ಕೊಂಬೆಗೆ ಸುತ್ತಿ, ತೂರಿಸಿ, ಜಗ್ಗಿ ಗಂಟು ಹಾಕಿಬಿಡ್ತು. ಚೂಟಿ ಹತ್ರ ಸರಿದು ಆ ಗಂಟನ್ನ ಇಣುಕಿ ನೋಡಿದ. ಅಷ್ಟರಲ್ಲಿ ಅಜ್ಜ ಅದನ್ನ ಬಿಚ್ಚಿಬಿಟ್ಟ.

"ಅಯ್ಯೋ, ಯಾಕಜ್ಜಾ?"

"ಅದು ನಂದು. ಈಗ ನೀನು ಕಟ್ಟು. ಎಲ್ಲಿ ಜಾರುತ್ತೆ ಅಂತ ನಾನು ನೋಡ್ತೀನಿ."

ಜಾರಿತು, ಅಜ್ಜ ಬೈದ, ಮತ್ತೆ ಜಾರಿತು. ಹೊತ್ತು ಮುಳುಗೋ ಹೊತ್ತಿಗೆ ಒಂದೇ ಒಂದು ಗಂಟು ನಿಂತಿತು.

ಮಾರನೇ ದಿನ ಹೆಣ್ಣು ಹಕ್ಕಿಯೊಬ್ಬಳು ಬಂದು, "ಏನಯ್ಯಾ, ಗೂಡೆಲ್ಲಿ?" ಅಂತ ನಕ್ಕಳು.

"ಗೂಡಿಲ್ಲಮ್ಮ, ಗಂಟಿದೆ," ಅಂದ ಚೂಟಿ, ಆ ಎಳೆಗೆ ಕಾಲು ಸಿಕ್ಕಿಸಿ ಬಾವಿ ಮೇಲೆ ಜೋತುಬಿದ್ದ. ಗಾಳಿ ಬೀಸಿತು, ಮರ ತೂಗಿತು, ಗಂಟು ಬಿಡಲಿಲ್ಲ. ಅವಳು ಹಾರಿಹೋದದ್ದೂ ಅವನಿಗೆ ಗೊತ್ತಾಗಲಿಲ್ಲ. ತಲೆಕೆಳಗಾಗಿ ನೇತಾಡ್ತಾ, ತಾನೇ ಹಾಕಿದ ಗಂಟನ್ನ ದೇವರನ್ನ ನೋಡೋ ಹಾಗೆ ನೋಡ್ತಿದ್ದ.